ಲೇಸರ್ ಪ್ರೊಜೆಕ್ಟರ್ ಸೆಟಪ್: ಮೊದ್ಲು ಗೋಡೆ ಮೇಲೆ ಚೌಕ ಸರಿ ಬರ್ಲಿ, ಆಮೇಲೆ ಶೋ

ನವೆಂಬರ್ ಹತ್ರ ಬಂತು ಅಂದ್ರೆ ಮುಂಬೈ, ಪುಣೆ, ಗೋವಾ ಕಡೆ ಇರೋ ನಮ್ಮ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವದ ಓಡಾಟ ಶುರು ಆಗತ್ತೆ, ಈಗೀಗ ಎಲ್ಲರಿಗೂ ಸ್ಟೇಜ್ ಮೇಲೆ ಲೇಸರ್ ಬೇಕು. ಹಿಂದಿನ ಪರದೆ ಮೇಲೆ ಕರ್ನಾಟಕದ ನಕ್ಷೆ ಬರ್ಬೇಕು, ಅದರ ಕೆಳಗೆ ಕನ್ನಡದಲ್ಲಿ ಹೆಸರು ಬರ್ಬೇಕು, ನಾಡಗೀತೆ ಮುಗಿಯೋ ಹೊತ್ತಿಗೆ ಹಾಲ್ ತುಂಬ ಹಳದಿ ಕೆಂಪು ಬೀಮ್ ಹೋಗ್ಬೇಕು. ಬೇಡಿಕೆ ಸರಿಯಾಗೇ ಇದೆ, ಚೆನ್ನಾಗೂ ಕಾಣತ್ತೆ. ಆದ್ರೆ ಬಾಡಿಗೆಗೆ ಪ್ರೊಜೆಕ್ಟರ್ ತಂದು ಟೇಬಲ್ ಮೇಲಿಟ್ಟು ಪ್ಲಗ್ ಹಾಕಿ ಆಟೋ ಮೋಡಿಗೆ ಬಿಟ್ರೆ ಅದು ಶೋ ಅಲ್ಲ, ಜನರ ಕಣ್ಣಿಗೆ ಅಪಾಯ. ಸಾಫ್ಟ್‌ವೇರ್‌ನಿಂದ ಓಡಿಸ್ಬೇಕು, ಓಡಿಸೋ ಮೊದ್ಲು ಕ್ಯಾಲಿಬ್ರೇಟ್ ಮಾಡ್ಬೇಕು, ಅಂದ್ರೆ ಆಕಾರ, ಸ್ಪೀಡ್, ಬಣ್ಣ ಎಲ್ಲಾ ಸರಿಹೊಂದಿಸ್ಬೇಕು, ಅದನ್ನ ಒಂದು ಕ್ರಮದಲ್ಲೇ ಮಾಡ್ಬೇಕು. ಎಷ್ಟು ವ್ಯಾಟಿನ ಮಷಿನ್ ಅಂತ ಎಲ್ಲರೂ ಮೊದ್ಲು ಕೇಳ್ತಾರೆ, ನನ್ನ ಅಭಿಪ್ರಾಯದಲ್ಲಿ ಸರಿಯಾಗಿ ಕ್ಯಾಲಿಬ್ರೇಟ್ ಆಗಿರೋ 3 ವ್ಯಾಟ್ ಮಷಿನ್ ಮುಂದೆ ಸೊಟ್ಟ ಚಿತ್ರ ಬಿಡೋ 10 ವ್ಯಾಟ್ ಏನೂ ಅಲ್ಲ.

ನಾನಿಲ್ಲಿ ಹೇಳ್ತಿರೋದು ಸಿನಿಮಾ ತೋರಿಸೋ ಪ್ರೊಜೆಕ್ಟರ್ ಬಗ್ಗೆ ಅಲ್ಲ, ಒಳಗೆ ಎರಡು ಪುಟ್ಟ ಕನ್ನಡಿ ಅಲ್ಲಾಡ್ತಾ ಬೀಮ್‌ನಿಂದ ಗೆರೆ ಎಳೆಯೋ ಶೋ ಲೇಸರ್ ಬಗ್ಗೆ. ಆ ಕನ್ನಡಿಗಳಿಗೆ ಗ್ಯಾಲ್ವೋ ಅಂತಾರೆ, ಒಂದು ಅಡ್ಡ ಅಂದ್ರೆ ಎಕ್ಸ್, ಇನ್ನೊಂದು ಉದ್ದ ಅಂದ್ರೆ ವೈ. ಕೆಂಪು, ಹಸಿರು, ನೀಲಿ ಮೂರು ಡಯೋಡ್ ಬೀಮ್ ಒಂದೇ ದಾರಿಗೆ ಸೇರಿ ಕನ್ನಡಿ ಮೇಲೆ ಬೀಳತ್ತೆ, ಅಷ್ಟೇ ವಿಷಯ. ಸಾಫ್ಟ್‌ವೇರ್ ಮಾಡೋ ಕೆಲ್ಸ ಏನಂದ್ರೆ ಈ ಕ್ಷಣ ಕನ್ನಡಿ ಎಲ್ಲಿರ್ಬೇಕು, ಯಾವ ಬಣ್ಣ ಎಷ್ಟಿರ್ಬೇಕು ಅಂತ ಸೆಕೆಂಡಿಗೆ ಸಾವಿರಾರು ಸಲ ಹೇಳ್ತಾ ಹೋಗೋದು.

ಮೊದ್ಲು ಜಾಗ, ಪರ್ಮಿಷನ್, ಎತ್ತರ

ಲ್ಯಾಪ್‌ಟಾಪ್ ತೆಗೆಯೋ ಮೊದ್ಲೇ ಹಾಲ್ ನೋಡ್ಬನ್ನಿ, ಖಾಲಿ ಇರುವಾಗ ನೋಡಿ. ಮಿಂಚೋ ವಸ್ತು ಏನೇನಿದೆ ಅಂತ ನೋಡೋದು ಮುಖ್ಯ. ಮದುವೆ ಹಾಲ್‌ಗಳಲ್ಲಿ ಗಾಜಿನ ತೂಗುದೀಪ, ಪಾಲಿಶ್ ಮಾಡಿದ ಗ್ರಾನೈಟ್, ಸ್ಟೀಲ್ ರೇಲಿಂಗ್, ಫ್ರೇಮ್ ಹಾಕಿದ ಫೋಟೋಗಳು, ಸ್ಟೇಜ್ ಪಕ್ಕ ನಿಲ್ಲಿಸಿರೋ ಹಿತ್ತಾಳೆ ದೀಪ, ಇವೆಲ್ಲ ಬೀಮನ್ನ ಎಲ್ಲಿಗೋ ತಿರುಗಿಸಿ ಬಿಡತ್ತೆ. ಬಟ್ಟೆ ಮುಚ್ಚೋಕಾಗತ್ತೆ ಅಂದ್ರೆ ಮುಚ್ಚಿ, ಆಗಲ್ಲ ಅಂದ್ರೆ ಆ ಜಾಗಕ್ಕೆ ಬೀಮ್ ಹೋಗದ ಹಾಗೆ ಸಾಫ್ಟ್‌ವೇರಲ್ಲಿ ಝೋನ್, ಅಂದ್ರೆ ಬೀಮ್ ಓಡಾಡೋ ಜಾಗ, ಕಟ್ ಮಾಡ್ಬೇಕು, ಅದು ಮುಂದೆ ಹೇಳ್ತೀನಿ.

ಬಯಲಲ್ಲಿ ಮಾಡೋದಾದ್ರೆ ಪೊಲೀಸ್ ಪರ್ಮಿಷನ್ ಕೇಳದೆ ಮುಂದೆ ಹೋಗ್ಬೇಡಿ. 2023ರ ಗಣೇಶ ವಿಸರ್ಜನೆ ಆದ್ಮೇಲೆ ಮಹಾರಾಷ್ಟ್ರದಲ್ಲಿ ಮೆರವಣಿಗೆ ಲೇಸರ್‌ನಿಂದ ರೆಟಿನಾಗೆ ಪೆಟ್ಟಾದ ಕೇಸುಗಳು ಪೇಪರಲ್ಲೆಲ್ಲ ಬಂದಿದ್ವು, 2024ರ ಗಣೇಶೋತ್ಸವಕ್ಕೆ ಪುಣೆ ಪೊಲೀಸರು ಲೇಸರ್ ಬೀಮ್ ಲೈಟನ್ನೇ ನಿಷೇಧ ಮಾಡಿದ್ರು. ಇನ್ನು ವಿಮಾನದ ವಿಷಯ. ಸಾಂತಾಕ್ರೂಜ್, ಕುರ್ಲಾ, ಅಂಧೇರಿ ಅಂದ್ರೆ ವಿಮಾನ ನೆತ್ತಿ ಮೇಲೇ ಹೋಗತ್ತೆ, ಪುಣೆಲಿ ಲೋಹಗಾಂವ್ ಏರ್‌ಫೋರ್ಸ್ ನೆಲೆ, ಗೋವಾದಲ್ಲಿ ದಾಬೋಳಿ ಒಂದೇ ಇತ್ತು, 2023ರಿಂದ ಮೋಪಾನೂ ಶುರು ಆಗಿದೆ. ಅಂತರರಾಷ್ಟ್ರೀಯ ವಿಮಾನಯಾನ ಮಾನದಂಡದಲ್ಲಿ ಏರ್‌ಪೋರ್ಟ್ ಸುತ್ತಲಿನ ಲೇಸರ್ ಮುಕ್ತ ವಲಯಕ್ಕೆ ಇಟ್ಟಿರೋ ಮಿತಿ ಒಂದು ಚದರ ಸೆಂಟಿಮೀಟರಿಗೆ 50 ನ್ಯಾನೋವ್ಯಾಟ್, ನಮ್ಮ ಶೋ ಲೇಸರ್ ಎಷ್ಟೋ ಕಿಲೋಮೀಟರ್ ಆಚೆಗೂ ಅದನ್ನ ದಾಟತ್ತೆ. ಅದಕ್ಕೇ ಆಕಾಶದ ಕಡೆ ಬೀಮ್ ಬೇಡವೇ ಬೇಡ. ಬಯಲಲ್ಲಿ ಪ್ರತಿ ಬೀಮಿಗೂ ಕೊನೆಯಲ್ಲಿ ಒಂದು ಗೋಡೆನೋ ಪರದೆನೋ ಇರ್ಲೇಬೇಕು.

ಎತ್ತರದ ಲೆಕ್ಕ ಸ್ವಲ್ಪ ನಿಧಾನಕ್ಕೆ ನೋಡಿ. ಅಮೆರಿಕದ ಎಫ್‌ಡಿಎ ನಿಯಮದಲ್ಲಿ ಜನ ನಿಲ್ಲೋ ನೆಲದಿಂದ 3 ಮೀಟರ್ ಮೇಲೆ, ಪಕ್ಕಕ್ಕೆ 2.5 ಮೀಟರ್ ದೂರ ಬೀಮ್ ಇರ್ಬೇಕು ಅಂತಿದೆ, ನಾನು ಅದನ್ನೇ ಹಿಡ್ಕೊಂಡು ಕೆಲ್ಸ ಮಾಡ್ತೀನಿ. ಪ್ರೊಜೆಕ್ಟರ್ ಟ್ರಸ್ (ಲೈಟ್ ತೂಗುಹಾಕೋ ಲೋಹದ ಚೌಕಟ್ಟು) ಮೇಲೆ 4 ಮೀಟರ್ ಎತ್ತರದಲ್ಲಿದೆ, ಎದುರಿನ ಗೋಡೆ 20 ಮೀಟರ್ ದೂರ ಇದೆ ಅಂತಿಟ್ಕೊಳಿ, ಅಲ್ಲಿ ತನಕ ಬೀಮ್ ಇಳಿಯೋಕೆ ಸಿಗೋದು ಬರೀ 1 ಮೀಟರ್, ಅಂದ್ರೆ ಹೆಚ್ಚುಕಮ್ಮಿ 3 ಡಿಗ್ರಿ, ಅದಕ್ಕಿಂತ ಕೆಳಗೆ ಒಂದು ಗೆರೆನೂ ಬರ್ಬಾರ್ದು. ಬಾಲ್ಕನಿ ಇದ್ರೆ ಲೆಕ್ಕ ಬಾಲ್ಕನಿ ನೆಲದಿಂದ ಶುರು. ಮಕ್ಕಳನ್ನ ಹೆಗಲ ಮೇಲೆ ಕೂರಿಸ್ಕೊಂಡು ನೋಡೋರು ಇರ್ತಾರೆ, ಕುರ್ಚಿ ಹತ್ತಿ ವಿಡಿಯೋ ಮಾಡೋರು ಇರ್ತಾರೆ, ಆ 3 ಮೀಟರ್ ಅವರಿಗೋಸ್ಕರಾನೇ ಇರೋದು.

ಯಾಕಿಷ್ಟು ಹಠ ಅಂದ್ರೆ, 1 ವ್ಯಾಟ್ ಬೀಮ್, 5 ಮಿಲಿಮೀಟರ್ ದಪ್ಪ ಇದ್ರೆ ಹೊರಗೆ ಬರೋ ಜಾಗದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 5000 ಮಿಲಿವ್ಯಾಟ್ ಆಗತ್ತೆ. ಕಣ್ಣು ಮಿಟುಕಿಸೋ ಕಾಲು ಸೆಕೆಂಡಿಗೆ ಕಣ್ಣು ತಡ್ಕೊಳೋ ಮಿತಿ ಚದರ ಸೆಂಟಿಮೀಟರಿಗೆ 2.54 ಮಿಲಿವ್ಯಾಟ್. ಅಂದ್ರೆ ನಿಂತ ಬೀಮ್ ಆ ಮಿತಿಗಿಂತ ಎರಡು ಸಾವಿರ ಪಟ್ಟು ಜಾಸ್ತಿ. ದೂರ ಹೋದಂಗೆ ಬೀಮ್ ಅಗಲ ಆಗತ್ತೆ, ಡೈವರ್ಜೆನ್ಸ್ 1 ಮಿಲಿರೇಡಿಯನ್ ಅಂತ ಬರೆದಿದ್ರೆ ಮೀಟರಿಗೆ 1 ಮಿಲಿಮೀಟರ್ ದಪ್ಪ ಆಗತ್ತೆ ಅಂತ ಅರ್ಥ, 20 ಮೀಟರಲ್ಲಿ 25 ಮಿಲಿಮೀಟರ್, ಆಗಲೂ ಮಿತಿಯ ಎಂಬತ್ತು ಪಟ್ಟು. ಅರ್ಧ ವ್ಯಾಟ್ ದಾಟಿದ್ರೆ ಅದು ಕ್ಲಾಸ್ 4 ಲೇಸರ್, ಅಂದ್ರೆ ಅತಿ ಅಪಾಯದ ವರ್ಗ, ನಾವು ಬಾಡಿಗೆಗೆ ತರೋದು ಹೆಚ್ಚುಕಮ್ಮಿ ಎಲ್ಲಾ ಅದೇ. ಜನರ ಮೇಲೆ ಬೀಮ್ ಬಿಡೋ ಆಡಿಯನ್ಸ್ ಸ್ಕ್ಯಾನಿಂಗ್ ಕೇಳಿದ್ರೆ ನಾನು ನೇರವಾಗಿ ಆಗಲ್ಲ ಅಂತೀನಿ, ಅದಕ್ಕೆ ಅಳತೆ ಮಾಡೋ ಮೀಟರ್, ಬೇರೆ ಲೆನ್ಸ್, ಓದಿಕೊಂಡಿರೋ ಸೇಫ್ಟಿ ಆಫೀಸರ್ ಎಲ್ಲಾ ಬೇಕು.

ಕೇಬಲ್ ಮತ್ತೆ ಕನೆಕ್ಷನ್

ಲ್ಯಾಪ್‌ಟಾಪಿಂದ ಪ್ರೊಜೆಕ್ಟರಿಗೆ ಹೋಗೋಕೆ ಎರಡು ದಾರಿ. ಹಳೇದು ಐಎಲ್‌ಡಿಎ (ಲೇಸರ್ ಶೋ ಮಾಡೋರ ಅಂತರರಾಷ್ಟ್ರೀಯ ಸಂಘ) ಮಾನದಂಡದ ಕೇಬಲ್, 25 ಪಿನ್ ಇರೋ ಡಿಬಿ25 ಕನೆಕ್ಟರ್, ಮಧ್ಯ ಒಂದು ಯುಎಸ್‌ಬಿ ಡಬ್ಬಿ ಇರತ್ತೆ, ಪ್ಯಾಂಗೋಲಿನ್ ಅನ್ನೋ ಕಂಪನಿದು ಆದ್ರೆ ಎಫ್‌ಬಿ3, ಇಲ್ಲಾಂದ್ರೆ ಹೀಲಿಯೋಸ್ ತರದ್ದು, ಈಥರ್ ಡ್ರೀಮ್ ಆದ್ರೆ ಯುಎಸ್‌ಬಿ ಬದಲು ನೆಟ್‌ವರ್ಕ್. ಹೊಸಾದು ಪ್ರೊಜೆಕ್ಟರ್ ಒಳಗೇ ಪ್ಯಾಂಗೋಲಿನ್‌ದೇ ಎಫ್‌ಬಿ4 ಕೂತಿರೋದು, ಅದಕ್ಕೆ ಬರೀ ನೆಟ್‌ವರ್ಕ್ ಕೇಬಲ್ ಸಾಕು, 100 ಮೀಟರ್ ತನಕ ಎಳೀಬಹುದು. ಸಿಗತ್ತೆ ಅಂದ್ರೆ ಎರಡನೇದನ್ನೇ ತಗೊಳಿ.

ಐಎಲ್‌ಡಿಎ ಕೇಬಲ್ ತಗೊಳೋಕೆ ಮುಂಬೈಲಿ ಎಲ್ಲರೂ ಲ್ಯಾಮಿಂಗ್ಟನ್ ರೋಡಿಗೆ ಹೋಗ್ತಾರೆ, ಹೋಗಿ, ಆದ್ರೆ ಹಳೇ ಪ್ರಿಂಟರ್ ಕೇಬಲ್ ತಗೊಂಡು ಬರ್ಬೇಡಿ. ನೋಡೋಕೆ ಅದೇ ಡಿಬಿ25, ಒಳಗೆ ಎಲ್ಲಾ ಪಿನ್ನಿಗೂ ತಂತಿ ಇರಲ್ಲ, ಶೀಲ್ಡೂ ಇರಲ್ಲ. ಅಂಗಡಿಲೇ ಮಲ್ಟಿಮೀಟರ್ ಇಟ್ಟು 1ಕ್ಕೆ 1, 2ಕ್ಕೆ 2 ಅಂತ ನೇರ ಹೋಗಿದೆಯಾ ನೋಡಿ. 1 ಮತ್ತು 14 ಎಕ್ಸ್, 2 ಮತ್ತು 15 ವೈ, 5 ಕೆಂಪು, 6 ಹಸಿರು, 7 ನೀಲಿ, 13 ಶಟರ್, 25 ಗ್ರೌಂಡ್. 4 ಮತ್ತು 17 ಇಂಟರ್‌ಲಾಕ್ ಅನ್ನೋ ಸುರಕ್ಷತಾ ಸರ್ಕ್ಯೂಟ್, ಈ ಎರಡರ ಲೂಪ್ ಕೂಡದಿದ್ರೆ ಪ್ರೊಜೆಕ್ಟರ್ ಆನ್ ಆಗತ್ತೆ, ಫ್ಯಾನ್ ತಿರುಗತ್ತೆ, ಆದ್ರೆ ಬೆಳಕು ಬರಲ್ಲ. ಎಷ್ಟೋ ಜನ ಅದನ್ನ ಮಷಿನ್ ಕೆಟ್ಟಿದೆ ಅಂತ ವಾಪಸ್ ಕಳಿಸ್ತಾರೆ.

ಎಮರ್ಜೆನ್ಸಿ ಸ್ಟಾಪ್ ಸ್ವಿಚ್ ಇಲ್ಲದೆ ಪ್ರೊಜೆಕ್ಟರ್ ತಗೋಬೇಡಿ. ಆ ಕೆಂಪು ಗುಂಡಿ ಆಪರೇಟರ್ ಕೈಗೆ ಕೂತಲ್ಲೇ ಸಿಗ್ಬೇಕು, ಸ್ಟೇಜ್ ಹಿಂದೆ ಇಟ್ರೆ ಇದ್ದೂ ಇಲ್ಲದ ಹಾಗೆ. ಸಾಫ್ಟ್‌ವೇರ್‌ನಲ್ಲಿರೋ ಬ್ಲ್ಯಾಕೌಟ್ ಬಟನ್ ಅದರ ಬದಲಿ ಅಲ್ಲ, ಲ್ಯಾಪ್‌ಟಾಪ್ ಹ್ಯಾಂಗ್ ಆದ್ರೆ ಆ ಬಟನ್ನೂ ಹ್ಯಾಂಗ್.

ಲ್ಯಾಪ್‌ಟಾಪ್ ವಿಷಯ ಬೇಗ ಮುಗಿಸ್ತೀನಿ. ಪ್ಯಾಂಗೋಲಿನ್‌ನ ಲೇಸರ್ ಸಾಫ್ಟ್‌ವೇರ್ ಕ್ವಿಕ್‌ಶೋ, ಬಿಯಾಂಡ್ ಎರಡೂ ವಿಂಡೋಸ್‌ನಲ್ಲೇ ಓಡೋದು. ಸ್ಲೀಪ್ ಆಫ್ ಮಾಡಿ, ಅಪ್‌ಡೇಟ್ ಪಾಸ್ ಮಾಡಿ, ವೈಫೈ ಆಫ್, ಯುಎಸ್‌ಬಿ ಪವರ್ ಸೇವಿಂಗ್ ಆಫ್. ನೆಟ್‌ವರ್ಕ್ ಪ್ರೊಜೆಕ್ಟರ್ ಕಾಣಿಸ್ತಿಲ್ಲ ಅಂದ್ರೆ ಮೊದ್ಲು ಫೈರ್‌ವಾಲ್ ನೋಡಿ, ಆಮೇಲೆ ಐಪಿ ಅಡ್ರೆಸ್ ನೋಡಿ, ಎರಡೂ ಕಡೆ ಒಂದೇ ಸಬ್‌ನೆಟ್ ಇರ್ಬೇಕು.

ಟೆಸ್ಟ್ ಪ್ಯಾಟರ್ನ್: ಇಲ್ಲಿ ಟೈಮ್ ಕೊಡಿ

ಹಾಲಲ್ಲಿ ಯಾರೂ ಇಲ್ಲ ಅಂತ ಖಾತ್ರಿ ಮಾಡ್ಕೊಳಿ, ಬಾಗಿಲ ಹತ್ರ ಒಬ್ಬರನ್ನ ನಿಲ್ಲಿಸಿ, ಡೆಕೊರೇಷನ್ ಹುಡುಗ್ರು ಏಣಿ ಹತ್ತಿ ಹೂ ಕಟ್ಟುತ್ತಾ ಇದ್ರೆ ಅವರು ಇಳಿಯೋ ತನಕ ಔಟ್‌ಪುಟ್ ಕೊಡ್ಬೇಡಿ. ಸಾಫ್ಟ್‌ವೇರ್ ಓಪನ್ ಮಾಡಿದ್ಮೇಲೆ ಬ್ರೈಟ್‌ನೆಸ್ ಹತ್ತು ಪರ್ಸೆಂಟ್ ಹತ್ರ ಇಳಿಸಿ, ಸೈಝೂ ಚಿಕ್ಕದು ಮಾಡಿ, ಆಮೇಲೆ ಔಟ್‌ಪುಟ್ ಎನೇಬಲ್ ಮಾಡಿ ಐಎಲ್‌ಡಿಎ ಟೆಸ್ಟ್ ಪ್ಯಾಟರ್ನ್ ಬಿಡಿ. ಅಷ್ಟು ಕಮ್ಮಿಲಿ ಕೆಲವು ಡಯೋಡ್ ಹತ್ಕೊಳೋದೇ ಇಲ್ಲ, ಬಣ್ಣ ವಿಚಿತ್ರವಾಗಿ ಕಾಣತ್ತೆ, ಈಗ ಅದರ ಬಗ್ಗೆ ತಲೆ ಕೆಡಿಸ್ಕೋಬೇಡಿ.

ಮೊದ್ಲು ದಿಕ್ಕು. ಪ್ರೊಜೆಕ್ಟರನ್ನ ತಲೆಕೆಳಗೆ ನೇತು ಹಾಕಿದ್ರೆ ಚಿತ್ರನೂ ತಲೆಕೆಳಗೆ, ಪ್ರೊಜೆಕ್ಟರ್ ಸೆಟ್ಟಿಂಗ್‌ನಲ್ಲಿ ವೈ ಇನ್ವರ್ಟ್ ಎಕ್ಸ್ ಇನ್ವರ್ಟ್ ಎರಡೂ ಹಾಕಿ. ಒಂದೇ ಹಾಕಿದ್ರೆ ಅಕ್ಷರ ಕನ್ನಡಿಲಿ ನೋಡ್ದಂಗೆ ಉಲ್ಟಾ ಬರತ್ತೆ, ಅದಕ್ಕೇ ಪ್ಯಾಟರ್ನ್ ಜತೆ ಒಂದು ಅಕ್ಷರನೂ ಬಿಟ್ಟು ನೋಡಿ. ಚಿತ್ರ 90 ಡಿಗ್ರಿ ಮಲಗಿದ್ರೆ ಎಕ್ಸ್ ವೈ ಸ್ವ್ಯಾಪ್. ಈ ಕೆಲ್ಸ ಸೇಫ್ಟಿ ಝೋನ್ ಹಾಕೋ ಮೊದ್ಲೇ ಆಗ್ಬೇಕು, ಝೋನ್ ಹಾಕಿದ್ಮೇಲೆ ದಿಕ್ಕು ಬದಲಾಯಿಸಿದ್ರೆ ಮೇಲಿನ ಝೋನ್ ಜನರ ತಲೆ ಮೇಲೆ ಬಂದು ಕೂರತ್ತೆ.

ಈಗ ಪ್ಯಾಟರ್ನ್ ಮಧ್ಯ ನೋಡಿ. ಒಂದು ಚೌಕ, ಒಂದು ವೃತ್ತ ಇದೆಯಲ್ಲ, ಇಡೀ ಕ್ಯಾಲಿಬ್ರೇಷನ್ ಗುಟ್ಟು ಅಲ್ಲಿದೆ. ಫೈಲ್‌ನಲ್ಲಿ ಆ ವೃತ್ತ ಚೌಕಕ್ಕಿಂತ ದೊಡ್ಡದಾಗೇ ಇರತ್ತೆ, ಬೇಕಂತಲೇ ಹಾಗೆ ಇಟ್ಟಿದ್ದಾರೆ. ಅದನ್ನ ಕೆಲವೇ ಪಾಯಿಂಟಲ್ಲಿ ಬರ್ದಿರೋದ್ರಿಂದ ಕನ್ನಡಿಗೆ ಆ ಪಾಯಿಂಟ್ ತನಕ ಪೂರ್ತಿ ಹೋಗೋಕೆ ಟೈಮ್ ಸಾಲಲ್ಲ, ಒಳಗೇ ತಿರುಗಿಬಿಡತ್ತೆ, ಹಾಗಾಗಿ ಸರಿಯಾದ ಸ್ಪೀಡಲ್ಲಿ ವೃತ್ತ ಕುಗ್ಗಿ ಚೌಕದ ನಾಲ್ಕೂ ಬದಿಗೆ ಒಳಗಿಂದ ತಾಗಿ ನಿಲ್ಲತ್ತೆ. ವೃತ್ತ ಚೌಕದ ಹೊರಗೆ ಉಬ್ಬಿದೆ ಅಂದ್ರೆ ಸ್ಪೀಡ್ ಕಮ್ಮಿ ಇದೆ, ಒಳಗೆ ಗ್ಯಾಪ್ ಬಿಟ್ಟು ಕೂತಿದೆ ಅಂದ್ರೆ ನಿಮ್ಮ ಸ್ಕ್ಯಾನರ್ ತಾಕತ್ತಿಗಿಂತ ಜಾಸ್ತಿ ಓಡಿಸ್ತಿದ್ದೀರ. ವೃತ್ತ ಮೊಟ್ಟೆ ಆಕಾರಕ್ಕೆ ಬಂದ್ರೆ ಎಕ್ಸ್ ಮತ್ತು ವೈ ಕನ್ನಡಿಗಳ ಟ್ಯೂನಿಂಗ್ ಒಂದೇ ತರ ಇಲ್ಲ, ಅದು ಒಳಗಿನ ಬೋರ್ಡ್ ಕೆಲ್ಸ, ಶೋ ದಿನ ಸ್ಕ್ರೂಡ್ರೈವರ್ ಹಾಕ್ಬೇಡಿ, ಬೇರೆ ಮಷಿನ್ ಕೇಳಿ.

ಮಷಿನ್ ಡಬ್ಬದ ಮೇಲೆ 30ಕೆ ಅಂತ ಬರ್ದಿರತ್ತೆ, ಸೆಕೆಂಡಿಗೆ 30 ಸಾವಿರ ಪಾಯಿಂಟ್ ಅಂತ. ಅದರ ಪಕ್ಕ ಸಣ್ಣಕ್ಷರದಲ್ಲಿ 8 ಡಿಗ್ರಿ ಅಂತಾನೂ ಇರತ್ತೆ, ಯಾರೂ ಓದಲ್ಲ. ಚಿತ್ರದ ಅಗಲ 8 ಡಿಗ್ರಿ ಇದ್ದಾಗ ಮಾತ್ರ ಆ 30 ಸಾವಿರ. 4 ಮೀಟರ್ ಅಗಲದ ಚಿತ್ರ 8 ಡಿಗ್ರಿಲಿ ಬರ್ಬೇಕು ಅಂದ್ರೆ ಪ್ರೊಜೆಕ್ಟರ್ ಪರದೆಯಿಂದ 28 ಮೀಟರಿಗೂ ಹಿಂದೆ ಇರ್ಬೇಕು. ನಮ್ಮ ಸಂಘದ ಹಾಲ್‌ಗಳಲ್ಲಿ 11, 12 ಮೀಟರ್ ಸಿಕ್ರೆ ಹೆಚ್ಚು, ಅಲ್ಲಿ ಅದೇ ಚಿತ್ರಕ್ಕೆ 20 ಡಿಗ್ರಿ ಬೇಕು. ಹಾಗಾಗಿ ಚಿತ್ರ ನಿಮಗೆ ಬೇಕಾದ ಸೈಝಿಗೆ ತಂದ್ಮೇಲೆ ಸ್ಕ್ಯಾನ್ ರೇಟ್ ಇಳಿಸ್ತಾ ಹೋಗಿ, ಮೂಲೆಗಳು ಚೂಪಾಗಿ ನಿಲ್ಲೋ ತನಕ. ಸ್ಕ್ಯಾನರ್‌ನಿಂದ ಕೀರಲು ಸದ್ದು ಬರ್ತಿದ್ರೆ ತಕ್ಷಣ ಇಳಿಸಿ, ಬಿಸಿಯಾಗಿ ಸುಟ್ಟುಹೋದ್ರೆ ರಿಪೇರಿ ಖರ್ಚು ಬಾಡಿಗೆಗಿಂತ ಎಷ್ಟೋ ಪಟ್ಟು.

ಝೋನ್, ಆಮೇಲೆ ಜಾಮೆಟ್ರಿ

ಕ್ವಿಕ್‌ಶೋನಲ್ಲಿ ಪ್ರೊಜೆಕ್ಷನ್ ಝೋನ್ ಅಂತ ಇರತ್ತೆ, ಬೇರೆ ಸಾಫ್ಟ್‌ವೇರಲ್ಲಿ ಹೆಸರು ಬೇರೆ ಇರ್ಬಹುದು, ಕೆಲ್ಸ ಅದೇ. ಒಂದೇ ಪ್ರೊಜೆಕ್ಟರಿಗೆ ಎರಡು ಝೋನ್ ಮಾಡ್ಕೊಳಿ, ಒಂದು ಚಿತ್ರ ಮತ್ತು ಅಕ್ಷರಕ್ಕೆ, ಇನ್ನೊಂದು ಬೀಮಿಗೆ. ಎರಡಕ್ಕೂ ಸೈಝ್ ಬೇರೆ, ಜಾಗ ಬೇರೆ, ಸೇಫ್ಟಿ ಬೇರೆ. ಬೀಮ್ ಝೋನಿನ ಕೆಳಗಿನ ಅಂಚು ನಾವು ಆಗ ಲೆಕ್ಕ ಹಾಕಿದ 3 ಮೀಟರ್ ಗೆರೆ. ಎದುರಿನ ಗೋಡೆ ಮೇಲೆ ಆ ಎತ್ತರಕ್ಕೆ ಒಂದು ಟೇಪ್ ಅಂಟಿಸಿ, ಝೋನಿನ ಅಂಚು ತೋರಿಸೋ ಔಟ್‌ಲೈನ್ ಬಿಟ್ಟು ಟೇಪಿಗಿಂತ ಮೇಲೇ ನಿಲ್ತಿದೆಯಾ ನೋಡಿ. ಸ್ಟೇಜ್ ಕಡೆನೂ ಮರೀಬೇಡಿ, ಬಾಲ್ಕನಿಯಿಂದ ಪರದೆಗೆ ಚಿತ್ರ ಬಿಟ್ರೆ ಕುಣಿಯೋ ಮಕ್ಕಳು ಬೀಮಿಗೆ ಮುಖ ಮಾಡೇ ನಿಂತಿರ್ತಾರೆ, ಚಿತ್ರದ ಕೆಳಗಿನ ಅಂಚು ಅವರು ಎತ್ತಿದ ಕೈಗಿಂತ, ಯಕ್ಷಗಾನ ಇದ್ರೆ ಕಿರೀಟಕ್ಕಿಂತ ಸಾಕಷ್ಟು ಮೇಲಿರ್ಬೇಕು.

ಬೀಮ್ ಅಟೆನ್ಯುಯೇಷನ್ ಮ್ಯಾಪ್ ಅಂತ ಇನ್ನೊಂದಿದೆ, ಬಿಎಎಂ ಅಂತಾರೆ. ಝೋನ್ ಒಳಗೇ ಯಾವ ಜಾಗದಲ್ಲಿ ಬೆಳಕು ಕಮ್ಮಿ, ಯಾವ ಜಾಗದಲ್ಲಿ ಪೂರ್ತಿ ಕಪ್ಪು ಅಂತ ಬಣ್ಣ ಬಳಿದ ಹಾಗೆ ಗುರುತು ಮಾಡೋದು. ತೂಗುದೀಪ, ಎಲ್‌ಇಡಿ ವಾಲ್, ವಿಡಿಯೋ ಕ್ಯಾಮೆರಾ ಟ್ರೈಪಾಡ್ ಇರೋ ಜಾಗ ಎಲ್ಲಾ ಕಪ್ಪು ಮಾಡಿ. ಕ್ಯಾಮೆರಾ ಸೆನ್ಸರ್ ಮೇಲೆ ಬೀಮ್ ನೇರ ಬಿದ್ರೆ ಸೆನ್ಸರ್‌ನಲ್ಲಿ ಶಾಶ್ವತ ಗೆರೆ ಕೂರತ್ತೆ, ವಿಡಿಯೋದವರಿಗೆ ಮೊದ್ಲೇ ಹೇಳಿ ಜಾಗ ಫಿಕ್ಸ್ ಮಾಡಿಸಿ.

ಇಷ್ಟೆಲ್ಲ ಮಾಡಿದ್ರೂ ಸಾಫ್ಟ್‌ವೇರ್ ಒಂದನ್ನೇ ನಂಬ್ಬೇಡಿ. ಪ್ರೊಜೆಕ್ಟರ್ ಮುಂದಿನ ಕಿಟಕಿಗೆ ಮೇಲೆ ಕೆಳಗೆ ಸರಿಸೋ ಒಂದು ಲೋಹದ ಪಟ್ಟಿ ಇರತ್ತೆ, ಅದನ್ನ ಎತ್ತಿ 3 ಮೀಟರ್ ಗೆರೆಗೆ ಸರಿಯಾಗಿ ನಿಲ್ಲಿಸಿ ಸ್ಕ್ರೂ ಬಿಗಿ ಮಾಡಿ. ಫೈಲ್ ತಪ್ಪಾದ್ರೂ, ಯಾರೋ ಬಂದು ಝೋನ್ ಮುಟ್ಟಿದ್ರೂ ಆ ಪಟ್ಟಿ ದಾಟಿ ಬೆಳಕು ಕೆಳಗೆ ಬರಲ್ಲ. ಆ ಪಟ್ಟಿ ಇಲ್ಲದ ಮಷಿನ್ನನ್ನ ನಾನು ಬೀಮ್ ಶೋಗೆ ಉಪಯೋಗಿಸಲ್ಲ.

ಜಾಮೆಟ್ರಿ ಅಂದ್ರೆ, ಎತ್ತರದಿಂದ ಓರೆಯಾಗಿ ಬಿಟ್ರೆ ಚೌಕ ಕೆಳಗೆ ಅಗಲ ಮೇಲೆ ಕಿರಿದು ಆಗಿ ಬರತ್ತೆ, ಅದನ್ನ ನೆಟ್ಟಗೆ ಮಾಡೋದು. ಎಲ್ಲರೂ ನೇರ ಸಾಫ್ಟ್‌ವೇರ್ ಸ್ಲೈಡರ್ ಎಳೀತಾರೆ, ಅದು ಬೇಡ, ಮೊದ್ಲು ಬ್ರಾಕೆಟ್ ಸಡಿಲ ಮಾಡಿ ಕೈಲಿ ಆದಷ್ಟು ನೇರ ಮಾಡಿ, ಸೇಫ್ಟಿ ಚೈನ್ ಹಾಕಿ, ಬೋಲ್ಟ್ ಬಿಗಿ ಮಾಡಿ, ಉಳಿದಿದ್ದನ್ನ ಮಾತ್ರ ಸಾಫ್ಟ್‌ವೇರಲ್ಲಿ ಸರಿ ಮಾಡಿ. ಪರದೆ ಮೇಲೆ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ರೆ ಲಂಬ ಗೆರೆ ಸಿಗತ್ತೆ, ಗ್ರಿಡ್ ಪ್ಯಾಟರ್ನ್ ಬಿಟ್ಟು ಆ ದಾರಕ್ಕೆ ಹೊಂದಿಸಿ, ಮೊದ್ಲು ಕೀಸ್ಟೋನ್ (ಮೇಲೆ ಕೆಳಗಿನ ಅಗಲದ ವ್ಯತ್ಯಾಸ), ಆಮೇಲೆ ಶಿಯರ್ (ಚಿತ್ರ ಒಂದು ಕಡೆ ವಾಲಿರೋದು), ಕೊನೆಗೆ ಬಾಗಿದ ಅಂಚು. ಜಾಮೆಟ್ರಿ ಮುಟ್ಟಿದ್ಮೇಲೆ ಝೋನ್ ಅಂಚು ಮತ್ತೊಂದ್ಸಲ ಟೇಪ್ ಹತ್ರ ನೋಡಲೇಬೇಕು.

ಬಣ್ಣ

ಮೊದ್ಲು ಕಲರ್ ಶಿಫ್ಟ್. ಕನ್ನಡಿ ತಲುಪೋ ಹೊತ್ತಿಗೂ ಡಯೋಡ್ ಆನ್ ಆಗೋ ಹೊತ್ತಿಗೂ ಸ್ವಲ್ಪ ವ್ಯತ್ಯಾಸ ಇರತ್ತೆ, ಅದರಿಂದ ಗೆರೆ ಕೊನೇಲಿ ಪುಟ್ಟ ಬಾಲ ಬರತ್ತೆ, ಅಥವಾ ಗೆರೆ ತುದಿ ಕತ್ತರಿಸಿದ ಹಾಗೆ ಕಾಣತ್ತೆ. ಟೆಸ್ಟ್ ಪ್ಯಾಟರ್ನ್‌ನಲ್ಲಿ ತುಂಡು ತುಂಡು ಗೆರೆಗಳ ಭಾಗ ನೋಡ್ತಾ ಸ್ಲೈಡರ್ ಸರಿಸಿ, ತುದಿಗಳು ಕ್ಲೀನ್ ಆದಾಗ ನಿಲ್ಲಿಸಿ. ಸ್ಕ್ಯಾನ್ ರೇಟ್ ಬದಲಾಯಿಸಿದ್ರೆ ಇದನ್ನ ಮತ್ತೆ ಮಾಡ್ಬೇಕು, ಅದಕ್ಕೇ ರೇಟ್ ಮೊದ್ಲು ಅಂದಿದ್ದು.

ವೈಟ್ ಬ್ಯಾಲೆನ್ಸ್ ಮಾತ್ರ ಮಷಿನ್ ಬಿಸಿ ಆದ್ಮೇಲೆ ಮಾಡಿ, ಹದಿನೈದು ಇಪ್ಪತ್ತು ನಿಮಿಷ ಓಡ್ಲಿ. 638 ನ್ಯಾನೋಮೀಟರ್ ಕೆಂಪು ಡಯೋಡ್ ಬಿಸಿಗೆ ಬೇಗ ಸೋಲತ್ತೆ, ಮುಂಬೈಲಿ ಎಸಿ ಇಲ್ಲದ ಹಾಲಲ್ಲಿ ಟ್ರಸ್ ಮೇಲೆ ಪಾರ್ ಲೈಟ್‌ಗಳ ಪಕ್ಕ ಕೂತಿದ್ರೆ ಶೋ ಅರ್ಧಕ್ಕೆ ಬರೋ ಹೊತ್ತಿಗೆ ಬಿಳಿ ಹೋಗಿ ತಿಳಿ ನೀಲಿ ಹಸಿರು ಆಗಿರತ್ತೆ. ತಣ್ಣಗಿರುವಾಗ ಸೆಟ್ ಮಾಡಿದ ಬಿಳಿ ಅಲ್ಲಿ ನಿಲ್ಲಲ್ಲ. ಪ್ರತಿ ಬಣ್ಣಕ್ಕೂ ಮಿನಿಮಮ್ ಮೊದ್ಲು, ಸೊನ್ನೆಯಿಂದ ನಿಧಾನಕ್ಕೆ ಏರಿಸಿ ಬೆಳಕು ಎಲ್ಲಿ ಹತ್ಕೊಳತ್ತೋ ಅಲ್ಲಿ ಬಿಡಿ. ಆಮೇಲೆ ಮ್ಯಾಕ್ಸಿಮಮ್, ಇಲ್ಲಿ ಕೆಂಪನ್ನ ಪೂರ್ತಿ ಬಿಟ್ಟು ಹಸಿರು ನೀಲಿ ಇಳಿಸ್ತಾ ಬನ್ನಿ, ಯಾಕಂದ್ರೆ ನಮ್ಮ ಕಣ್ಣಿಗೆ ಹಸಿರು ಸುಲಭಕ್ಕೆ ಕಾಣತ್ತೆ, ಕೆಂಪು ಕಷ್ಟ. ಕಣ್ಣಿಗೆ ಬಿಳಿ ಅನ್ಸಿದ್ಮೇಲೆ ಹಳದಿ ನೋಡಿ. ರಾಜ್ಯೋತ್ಸವಕ್ಕೆ ಬಾವುಟದ ಅರಿಶಿನ ಹಳದಿನೇ ಬರ್ಬೇಕು, ನಿಂಬೆಹಣ್ಣಿನ ಹಸಿರು ಮಿಶ್ರ ಹಳದಿ ಬಂದ್ರೆ ದೂರದಿಂದ್ಲೇ ಗೊತ್ತಾಗತ್ತೆ, ಹಸಿರು ಇನ್ನೂ ಕಮ್ಮಿ ಮಾಡಿ.

ಬಿಳಿ ಚುಕ್ಕೆ ದೂರದ ಗೋಡೆಲಿ ಮೂರು ಬಣ್ಣವಾಗಿ ಒಡೆದು ಕಾಣಿಸಿದ್ರೆ ಅದು ಸಾಫ್ಟ್‌ವೇರ್ ಕೆಲ್ಸ ಅಲ್ಲ, ಒಳಗೆ ಮೂರೂ ಬಣ್ಣ ಸೇರಿಸೋ ಡೈಕ್ರೋಯಿಕ್ ಕನ್ನಡಿ ಟ್ರಾನ್ಸ್‌ಪೋರ್ಟಲ್ಲಿ ಅಲ್ಲಾಡಿದೆ, ಬಾಡಿಗೆ ಕೊಟ್ಟೋರು ಸರಿ ಮಾಡಿ ಕೊಡ್ಬೇಕು.

ಕನ್ನಡ ಅಕ್ಷರ ಬರೆಸೋದು

ನನಗೆ ತುಂಬಾ ಇಷ್ಟ ಆಗೋ ಭಾಗ ಇದು, ತುಂಬಾ ಜನ ಕೆಡಿಸೋದೂ ಇದನ್ನೇ. ಸಾಫ್ಟ್‌ವೇರಲ್ಲಿ ಟೆಕ್ಸ್ಟ್ ಟೂಲ್ ತೆಗ್ದು ಯಾವುದೋ ಫಾಂಟಲ್ಲಿ "ಕರ್ನಾಟಕ" ಅಂತ ಟೈಪ್ ಮಾಡಿದ್ರೆ ಎರಡು ತೊಂದ್ರೆ. ಮೊದಲನೇದು ಅರ್ಕಾವೊತ್ತು, ಒತ್ತಕ್ಷರ ತಮ್ಮ ಜಾಗದಲ್ಲಿ ಕೂರ್ತಾವಾ ಅಂತ ಪರದೆ ಮೇಲೆ ಓದಿ ನೋಡ್ಲೇಬೇಕು. ಎರಡನೇದು ಇನ್ನೂ ದೊಡ್ಡದು, ಫಾಂಟ್ ಅಂದ್ರೆ ಅಕ್ಷರದ ಹೊರಗೆರೆ, ಪೆನ್ನಲ್ಲಿ ಬರೆಯೋ ಒಂದು ಗೆರೆ ಅಲ್ಲ, ಹಾಗಾಗಿ ಪ್ರತಿ ಅಕ್ಷರನೂ ಎರಡು ಗೆರೆಲಿ ಟೊಳ್ಳಾಗಿ ಬರತ್ತೆ. ಕನ್ನಡದ ಅಕ್ಷರ ಪೂರ್ತಿ ಸುರುಳಿ, ಸುರುಳಿಗೆ ಟೆಕ್ಸ್ಟ್ ಟೂಲ್ ಪಾಯಿಂಟ್ ಜಾಸ್ತಿ ಹಾಕತ್ತೆ. ಒಂದು ಪದ 1500 ಪಾಯಿಂಟ್ ಆಯ್ತು ಅಂತಿಟ್ಕೊಳಿ, 30 ಸಾವಿರ ಸ್ಪೀಡಲ್ಲೂ ಸೆಕೆಂಡಿಗೆ 20 ಸಲ ಮಾತ್ರ ಬರೆಯೋಕಾಗೋದು, ಕಣ್ಣಿಗೆ ಪಟಪಟ ಮಿಣುಕು. ಅದೇ ಪದ ಒಂಟಿ ಗೆರೆಲಿ 600 ಪಾಯಿಂಟಿಗೆ ಬಂದ್ರೆ 50 ಸಲ, ಗಟ್ಟಿಯಾಗಿ ನಿಲ್ಲತ್ತೆ.

ಹಾಗಾಗಿ ಫಾಂಟ್ ಬಿಡಿ, ಕೈಲಿ ಬರೀರಿ. ಬಿಳಿ ಹಾಳೆ ಮೇಲೆ ದಪ್ಪ ಸ್ಕೆಚ್‌ಪೆನ್ನಲ್ಲಿ ಚೆನ್ನಾಗಿ ಕನ್ನಡ ಬರೆಯೋರಿಂದ ಬರೆಸಿ, ಫೋಟೋ ತೆಗ್ದು, ಚಿತ್ರನ ಲೇಸರ್ ಗೆರೆಗೆ ತಿರುಗಿಸೋ ಕ್ವಿಕ್‌ಟ್ರೇಸಲ್ಲಿ ಹಾಕಿ ಸೆಂಟರ್‌ಲೈನ್ ತರ ಒಂದೇ ಗೆರೆ ಬರೋ ಆಯ್ಕೆ ತಗೊಳಿ. ಆಮೇಲೆ ಪಾಯಿಂಟ್ ಎಡಿಟರಲ್ಲಿ ಒಂದೊಂದಕ್ಷರ ನೋಡಿ. ಉದಾಹರಣೆಗೆ ಕ: ತಲೆಕಟ್ಟು ಒಂದು ತುಂಡು, ಕೆಳಗಿನ ಹೊಟ್ಟೆ ಒಂದು ತುಂಡು, ನಡುವಿನ ಅಡ್ಡಗೆರೆ ಇನ್ನೊಂದು ತುಂಡು ಅಂತ ಟ್ರೇಸ್ ಮಾಡಿರತ್ತೆ. ಪ್ರತಿ ತುಂಡಿನ ಮಧ್ಯ ಬೀಮ್ ಆರಿ, ಹಾರಿ, ನಿಂತು, ಮತ್ತೆ ಹತ್ಕೋಬೇಕು, ಆ ಹಾರೋದಕ್ಕೂ ಪಾಯಿಂಟ್ ಖರ್ಚಾಗತ್ತೆ. ಪೆನ್ ಎತ್ತದೆ ಬರೆಯೋ ದಾರಿ ಹುಡುಕಿ ತುಂಡುಗಳನ್ನ ಜೋಡಿಸಿ, ಮೂರು ತುಂಡಿಂದ ಎರಡಕ್ಕೆ ಬಂದ್ರೂ ಲಾಭ. ತಲೆಕಟ್ಟಿನ ಚೂಪು ತಿರುವಲ್ಲಿ ಎರಡು ಮೂರು ಪಾಯಿಂಟ್ ಒಂದರ ಮೇಲೊಂದು ಇಡಿ, ಇಲ್ಲಾಂದ್ರೆ ಮೂಲೆ ಕರಗಿ ಕ ಹೋಗಿ ಇನ್ನೇನೋ ಆಗತ್ತೆ. ಸುರುಳಿಲಿ ಮಾತ್ರ ಪಾಯಿಂಟ್ ಕಮ್ಮಿ ಮಾಡ್ತಾ ಬನ್ನಿ, ಕನ್ನಡಿ ತಾನೇ ದುಂಡಗೆ ತಿರುಗತ್ತೆ, ನಮ್ಮ ಲಿಪಿ ಲೇಸರಿಗೆ ಹೇಳಿ ಮಾಡಿಸಿದಂಗಿದೆ ಅನ್ಸೋದು ಆಗಲೇ.

ಉದ್ದ ವಾಕ್ಯ ಒಂದೇ ಸಲ ಬೇಡ. ಎರಡು ಮೂರು ಪದ ಒಂದು ಫ್ರೇಮಿಗೆ, ಹಾಡಿನ ಸಾಲಿಗೆ ತಕ್ಕ ಹಾಗೆ ಒಂದಾದ್ಮೇಲೊಂದು. ನಕ್ಷೆನೂ ಹಾಗೇ, ಕರಾವಳಿಯ ಪ್ರತಿ ಅಂಕುಡೊಂಕು ಬೇಕಾಗಿಲ್ಲ, ಆದ್ರೆ ಬೀದರ್ ತುದಿ, ಬೆಳಗಾವಿ ಉಬ್ಬು, ಚಾಮರಾಜನಗರದ ಮೂಲೆ ಸರಿಯಾಗಿ ಬರ್ಲಿ, ಗಡಿ ಆಚೆ ಬದುಕ್ತಿರೋ ನಮ್ಮೋರಿಗೆ ಆ ನಕ್ಷೆ ಸುಮ್ನೆ ಡಿಸೈನ್ ಅಲ್ಲ.

ಎರಡು ಪ್ರೊಜೆಕ್ಟರ್, ಡಿಎಂಎಕ್ಸ್

ಎಡ ಬಲ ಎರಡಿದ್ರೆ ಎರಡನ್ನೂ ಒಂದೇ ಎತ್ತರ, ಒಂದೇ ಓರೆಗೆ ನಿಲ್ಲಿಸಿ, ಬಲದ್ದಕ್ಕೆ ಬೀಮ್ ಝೋನಲ್ಲಿ ಮಾತ್ರ ಎಕ್ಸ್ ಇನ್ವರ್ಟ್ ಹಾಕಿದ್ರೆ ಎರಡೂ ಕಡೆ ಬೀಮ್ ಒಂದಕ್ಕೊಂದು ಎದುರು ತೆರ್ಕೊಳತ್ತೆ. ವೈಟ್ ಬ್ಯಾಲೆನ್ಸ್ ಯಾವುದು ಕಮ್ಮಿ ಪವರ್ ಇದೆಯೋ ಅದಕ್ಕೆ ಇನ್ನೊಂದನ್ನ ಹೊಂದಿಸಿ.

ಲೈಟಿಂಗ್ ಕನ್ಸೋಲ್‌ನಿಂದ ಕ್ಯೂ (ಯಾವಾಗ ಏನು ಓಡ್ಬೇಕು ಅನ್ನೋ ಆದೇಶ) ಕೊಡೋದಾದ್ರೆ ಆರ್ಟ್‌ನೆಟ್ ಸಾಕು, ಡಿಎಂಎಕ್ಸ್ ಅನ್ನೋ ಲೈಟ್ ಕಂಟ್ರೋಲ್ ಸಿಗ್ನಲನ್ನ ನೆಟ್‌ವರ್ಕಲ್ಲಿ ಕಳಿಸೋದು ಅದು. ಒಂದು ಯೂನಿವರ್ಸಿಗೆ, ಅಂದ್ರೆ ಚಾನೆಲ್‌ಗಳ ಒಂದು ಗುಂಪಿಗೆ, 512 ಚಾನೆಲ್, ಒಂದು ಪ್ರೊಜೆಕ್ಟರ್ 16 ಚಾನೆಲ್ ತಿಂದ್ರೆ ಮೊದಲನೇದು 1ರಿಂದ, ಎರಡನೇದು 17ರಿಂದ. ಕನ್ಸೋಲ್ ಏನು ಒತ್ತಿದ್ರೂ ಲೇಸರ್ ಅಲ್ಲಾಡ್ತಿಲ್ಲ ಅಂದ್ರೆ ಯೂನಿವರ್ಸ್ ನಂಬರ್ ನೋಡಿ, ಕೆಲವು 0ಯಿಂದ ಎಣಿಸ್ತಾವೆ, ಕೆಲವು 1ರಿಂದ, ಒಂದು ನಂಬರ್ ಆಚೀಚೆ ಆಗಿರತ್ತೆ. ಹಾಡಿಗೆ ಟೈಮ್‌ಲೈನ್ ಮಾಡೋದಾದ್ರೆ ಹಾಡೂ ಅದೇ ಲ್ಯಾಪ್‌ಟಾಪಿಂದ ಹೋಗ್ಲಿ, ಎರಡು ಕಡೆ ಪ್ಲೇ ಒತ್ತೋ ವ್ಯವಸ್ಥೆ ನಂಬೋ ಹಾಗಿಲ್ಲ. ಆದ್ರೆ ಲೈವ್ ಹಾಡ್ತಾರೆ ಅಂದ್ರೆ ಟೈಮ್‌ಲೈನ್ ಬಿಟ್ಟುಬಿಡಿ, ಕ್ಯೂಗಳನ್ನ ಕೀಬೋರ್ಡಲ್ಲಿ ಜೋಡಿಸ್ಕೊಂಡು ಕೈಲೇ ಓಡಿಸಿ, ಗಾಯಕರ ಉಸಿರು ನೋಡ್ಕೊಂಡು ಒತ್ತೋದೇ ಚಂದ.

ಶೋ ದಿನ

ಬೀಮ್ ಗಾಳೀಲಿ ಕಾಣೋಕೆ ಹೊಗೆ ಬೇಕು, ಹೇಝರ್ ಅನ್ನೋ ಮಷಿನ್ ಆದ್ರೆ ಒಳ್ಳೇದು, ತೆಳ್ಳಗೆ ಹರಡತ್ತೆ. ಹಾಲಿನವರ ಹತ್ರ ಸ್ಮೋಕ್ ಡಿಟೆಕ್ಟರ್ ಬಗ್ಗೆ ಮೊದ್ಲೇ ಮಾತಾಡಿ. ಎಸಿ ಗಾಳಿ ಹೊಗೆನ ಒಂದೇ ಕಡೆ ಎಳ್ಕೊಂಡು ಹೋಗತ್ತೆ, ಹೇಝರ್ ಅದರ ಎದುರು ದಿಕ್ಕಲ್ಲಿಡಿ. ಗೋವಾದ ಬೀಚ್ ಕಡೆ ಬಯಲಲ್ಲಿ ಹೊಗೆ ನಿಲ್ಲೋದೇ ಇಲ್ಲ, ಅಲ್ಲಿ ಬೀಮ್ ಆಸೆ ಬಿಟ್ಟು ಪರದೆ ಮೇಲೆ ಚಿತ್ರಕ್ಕೆ ಗಮನ ಕೊಡೋದು ಉತ್ತಮ.

ಗೋವಾದಲ್ಲಿ ಇನ್ನೊಂದು ವಿಷಯ, ಎಸಿ ಗಾಡಿಯಿಂದ ಪ್ರೊಜೆಕ್ಟರ್ ಇಳಿಸಿದ ತಕ್ಷಣ ಡಬ್ಬ ತೆರೀಬೇಡಿ. ತಣ್ಣಗಿನ ಗಾಜಿನ ಮೇಲೆ ಸೆಕೆ ಗಾಳಿ ತಾಗಿ ಒಳಗೆಲ್ಲ ನೀರಿನ ಪಸೆ ಕೂರತ್ತೆ, ಆಗ ಪವರ್ ಕೊಟ್ರೆ ಕನ್ನಡಿ ಮೇಲಿನ ಕೋಟಿಂಗ್ ಹಾಳು. ಮುಚ್ಚಿದ ಡಬ್ಬದಲ್ಲೇ ಹೊರಗಿನ ಬಿಸಿಗೆ ಹೊಂದೋ ತನಕ ಬಿಡಿ.

ಗೇಟ್ ತೆರೆಯೋ ಮೊದ್ಲು ಒಂದ್ಸಲ ಕಮ್ಮಿ ಬ್ರೈಟ್‌ನೆಸ್ಸಲ್ಲಿ ಇಡೀ ಶೋ ಓಡಿಸಿ, ಒಬ್ಬರು ಹಿಂದಿನ ಸಾಲಲ್ಲಿ, ಒಬ್ಬರು ಬಾಲ್ಕನಿ ಮೆಟ್ಟಿಲ ಹತ್ರ ನಿಂತು ಪ್ರೊಜೆಕ್ಟರಿಗೆ ಬೆನ್ನು ಹಾಕಿ ಗೋಡೆ ಮಾತ್ರ ನೋಡ್ಲಿ, ಟೇಪ್ ಕೆಳಗೆ ಒಂದು ಚುಕ್ಕೆ ಬಿದ್ರೂ ಕೂಗ್ಲಿ. ಎಮರ್ಜೆನ್ಸಿ ಸ್ಟಾಪ್ ಒತ್ತಿ ನಿಜವಾಗ್ಲೂ ಆರತ್ತಾ ನೋಡಿ. ಎಲ್ಲಾ ಸರಿ ಇದ್ರೆ ಪ್ರೊಜೆಕ್ಟರ್ ಸೆಟ್ಟಿಂಗ್, ಝೋನ್, ಬಿಎಎಂ ಫೈಲುಗಳನ್ನ ಹಾಲಿನ ಹೆಸರು ಹಾಕಿ ಪೆನ್‌ಡ್ರೈವಿಗೆ ಸೇವ್ ಮಾಡಿ, ಮುಂದಿನ ವರ್ಷ ಅದೇ ಹಾಲ್, ಅದೇ ಮಷಿನ್ ಸಿಕ್ರೂ ಟೇಪ್ ಅಂಟಿಸಿ ಝೋನ್ ಅಂಚು ನೋಡಿದ್ಮೇಲೇನೇ ಬ್ರೈಟ್‌ನೆಸ್ ಏರಿಸಿ. ಕಾರ್ಯಕ್ರಮ ಮುಗಿದ್ಮೇಲೆ ಪ್ರೊಜೆಕ್ಟರಿನ ಕೀ ತೆಗ್ದು ಜೇಬಿಗೆ ಹಾಕ್ಕೊಂಡು, ಮುಂದಿನ ಗಾಜು ಲೆನ್ಸ್ ಟಿಶ್ಯೂನಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ ಪ್ಯಾಕ್ ಮಾಡಿ, ಹೇಝಿನ ಎಣ್ಣೆ ಪಸೆ ಒಣಗಿ ಕೂತ್ರೆ ಮುಂದಿನ ಶೋನಲ್ಲಿ ಬೀಮ್ ಸುತ್ತ ಮಬ್ಬು ಕಾಣತ್ತೆ.